ನಾನು ಕೂತದ್ದು ಯಾರ ಜಾಗದಲ್ಲಿ

ಹೊರಡುವ ಮುನ್ನ, ದಾವಣಗೆರೆಯ ದೇವರಾಜ ಅರಸು ಬಡಾವಣೆ

ಹನ್ನೆರಡು ದಿನದ ಪರದೇಶ ಪ್ರವಾಸಕ್ಕೆ ಎಷ್ಟು ಮಂಡಕ್ಕಿ ಬೇಕು? ನಮ್ಮ ಮನೆಯಲ್ಲಿ ಈ ಪ್ರಶ್ನೆ ನನ್ನ ವೀಸಾಕ್ಕಿಂತ ಹೆಚ್ಚು ಹೊತ್ತು ತಿಂದಿತು. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ನನ್ನ ಅಣ್ಣನ ಪ್ರಕಾರ ಒಂದು ಚೀಲ. ಚೀಲವೆಂದರೆ ನನ್ನ ಸೊಂಟದೆತ್ತರದ ಚೀಲ.

"ಭಾಯಿ, ನಾನು ಹೋಗ್ತಿರೋದು ವಿಮಾನದಾಗ, ಹರಿಹರದ ಬಸ್ಸಿನಾಗಲ್ಲ" ಎಂದೆ.

"ತೂಕ ಐತೇನು ಅದಕ್ಕ? ಗಾಳಿ ಅದು, ಗಾಳಿ! ಅವರು ನೋಡೋದು ತೂಕ. ಗಾಳಿಗೆ ಯಾರು ತಕರಾರ್ ಮಾಡ್ತಾರೆ, ತಗಂಡ್ ಹೋಗು ಸುಮ್ನೆ."

ಕೊನೆಗೆ ಅರ್ಧ ಚೀಲಕ್ಕೆ ರಾಜಿಯಾಯಿತು. ನನ್ನ ಉಣ್ಣೆಯ ಬಟ್ಟೆಗಳು ಒಂದು ಮೂಲೆ ಸೇರಿದವು, ಮಂಡಕ್ಕಿ ಸೂಟ್‌ಕೇಸಿನ ತುಂಬ ಆರಾಮಾಗಿ ಮಲಗಿತು.

ನಾನು ನೂರ್‌ಜಹಾನ್. ಹರಿಹರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಯ ಟೀಚರ್. ಊರಿನ ಹೆಸರು ಬರೆಯುವುದಿಲ್ಲ, ಏಕೆಂದರೆ ಮುಂದೆ ಹೇಳಲಿರುವ ತಪ್ಪು ನನ್ನದು, ಊರಿನದಲ್ಲ. ಶಿಕ್ಷಕರು ಪರಸ್ಪರ ಶಾಲೆಗಳನ್ನು ನೋಡಿ ಬರುವ ಒಂದು ಯೋಜನೆಯಲ್ಲಿ ನನ್ನ ಹೆಸರು ಹೇಗೋ ಎದ್ದು, ಜನವರಿ ಕೊನೆಯಲ್ಲಿ ಫಿನ್‌ಲ್ಯಾಂಡಿಗೆ ಹೊರಟಿದ್ದೆ. ಆ ದೇಶದ ಮಕ್ಕಳಿಗೆ ಭಟ್ಟಿಯ ಮಂಡಕ್ಕಿ ತಿನ್ನಿಸುವುದು ಅಣ್ಣನ ಆಸೆ. ನನ್ನ ಮನಸ್ಸು ಮಾತ್ರ ಬೇರೊಂದು ಕಡೆ ಸಿಕ್ಕಿಕೊಂಡಿತ್ತು.

ನನ್ನ ತರಗತಿಯಲ್ಲಿ ಜೂನ್ ಮೊದಲ ವಾರವೇ ಜಾಗ ಹಂಚಿಕೆ ಮುಗಿಯುತ್ತದೆ. ಗಿಡ್ಡ ಮಕ್ಕಳು ಮುಂದೆ, ಉದ್ದದವರು ಹಿಂದೆ, ಮಾತಿನಮಲ್ಲಿಯರು ಒಬ್ಬೊಬ್ಬರು ಒಂದೊಂದು ಮೂಲೆಗೆ. ಒಂದು ಹಾಳೆಯಲ್ಲಿ ನಕ್ಷೆ ಬರೆದು ಗೋಡೆಗೆ ಅಂಟಿಸುತ್ತೇನೆ. ಆಮೇಲೆ ಮಾರ್ಚ್‌ವರೆಗೆ ಯಾರೂ ಅಲುಗಾಡುವಂತಿಲ್ಲ. ಹತ್ತೊಂಬತ್ತು ವರ್ಷ ಹೀಗೇ ನಡೆದಿದೆ, ನಾನು ಇದರ ಬಗ್ಗೆ ಜಂಬಪಟ್ಟುಕೊಂಡದ್ದೂ ಉಂಟು.

ಭಾಗ್ಯ ಗಿಡ್ಡಿ. ನಕ್ಷೆಯ ಪ್ರಕಾರ ಅವಳದು ಮೊದಲ ಬೆಂಚು, ಗೋಡೆಯ ಪಕ್ಕ. ಆದರೆ ನಾನು ಬೋರ್ಡಿನ ಕಡೆ ತಿರುಗಿದ್ದೇ ತಡ, ಹಿಂದಿನ ಬೆಂಚಿನ ಕಿಟಕಿಯ ಪಕ್ಕ ಹೋಗಿ ಕೂತಿರುತ್ತಿದ್ದಳು. ಕೈಹಿಡಿದು ಕರೆತರುತ್ತಿದ್ದೆ. ಮತ್ತೆ ಹೋಗುತ್ತಿದ್ದಳು. ದಸರಾ ರಜೆ ಮುಗಿದ ಮೇಲೆ ಒಂದು ದಿನ ನನಗೆ ಪಿತ್ತ ನೆತ್ತಿಗೇರಿತು. "ಏನೈತೆ ಅಲ್ಲಿ? ನಿಮ್ಮತ್ತೆ ಮದುವಿ ದಿಬ್ಬಣ ಹೊಂಟೈತೇನು?" ಎಂದು ಎಲ್ಲರೆದುರು ಗದರಿದೆ. ಮಕ್ಕಳು ನಕ್ಕರು. ಭಾಗ್ಯ ಮುಂದೆ ಬಂದು ಕೂತಳು. ಅಲ್ಲಿಂದಾಚೆ ತರಗತಿಯಲ್ಲಿ ಒಂದು ಮಾತೂ ಆಡಲಿಲ್ಲ. ಡಿಸೆಂಬರಿನಲ್ಲಿ ಶಾಲೆಗೆ ಬರುವುದನ್ನೇ ಬಿಟ್ಟಳು.

ಮನೆಗೆ ಹೋಗಿ ಕೇಳಿದೆ. ಅವಳ ತಾಯಿ ಗಂಗಮ್ಮ ಬುತ್ತಿ ಕಟ್ಟಿಕೊಂಡು ಗದ್ದೆಗೆ ಹೊರಟಿದ್ದಳು.

"ಏನ್ ಮಾಡದ್ರಿ ಟೀಚರ್, ಸಣ್ಣದು ಅಂಗನವಾಡ್ಯಾಗ ನಿಲ್ಲವಲ್ದು. ಮೊದ್ಲು ಚೊಲೋ ಇರ್ತಿತ್ತು. ಈಗ ಬರೀ ಅಳ್ತೈತಂತೆ, ಕರ್ಕಂಡ್ ಹೋಗ್ರಿ ಅಂತಾರೆ. ನಾಟಿ ಸುರುವಾಗೈತೆ, ನಾ ಮನ್ಯಾಗ ಕೂತ್ರ ಹೆಂಗ್ರಿ? ಈ ವರ್ಷ ಭಾಗಿ ಕೂಸಿನ್ ನೋಡ್ಕಂಡಿರ್ಲಿ ಬಿಡ್ರಿ."

'ಈ ವರ್ಷ' ಎಂದು ಶಾಲೆ ಬಿಟ್ಟ ಹುಡುಗಿಯರು ಮರುವರ್ಷ ಬಂದದ್ದನ್ನು ನಾನು ಕಂಡದ್ದು ಕಡಿಮೆ. ಹಾಗೆಂದು ಗಂಗಮ್ಮನ ಮೇಲೆ ರೇಗಾಡಿ ಬಂದೆ. ಬಾಗಿಲಲ್ಲಿ ತಂಗಿಯನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದ ಭಾಗ್ಯ ನನ್ನನ್ನೇ ನೋಡುತ್ತಿದ್ದಳು. ಹತ್ತು ದಿನ ಬಿಟ್ಟು ನಾನು ವಿಮಾನ ಹತ್ತಿದೆ.

ವಿಮಾನ ನಿಲ್ದಾಣ

ಅಣ್ಣನ ಮಾತು ನಿಜವಾಯಿತು, ತೂಕಕ್ಕೆ ಯಾರೂ ತಕರಾರು ಮಾಡಲಿಲ್ಲ. ತಕರಾರು ಬಂದದ್ದು ಇಳಿದ ಮೇಲೆ. ಎತ್ತರದ ಒಬ್ಬ ಅಧಿಕಾರಿ ಸೂಟ್‌ಕೇಸ್ ಬಿಚ್ಚಿಸಿ, ಮಂಡಕ್ಕಿಯ ಚೀಲವನ್ನು ಎರಡೂ ಕೈಯಲ್ಲಿ ಎತ್ತಿದ. ಭಾರವಿರುತ್ತದೆಂದು ಜೋರಾಗಿ ಎತ್ತಿದನೋ ಏನೋ, ಅದು ಅವನ ತಲೆಯವರೆಗೂ ಹೋಯಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಿದ. ಏನಿದು ಎಂದ. ಅಕ್ಕಿ ಎಂದೆ. ಅಕ್ಕಿ ಇಷ್ಟು ಹಗುರವೇ ಎಂದ. "ಗಾಳಿ" ಎಂದೆ, ಅಣ್ಣ ಕಲಿಸಿಕೊಟ್ಟಂತೆ. ಅವನು ನಗಲಿಲ್ಲ. ಚೀಲವನ್ನು ಮಲಗಿದ ಮಗುವನ್ನು ಇಡುವ ಹಾಗೆ ಮೆಲ್ಲಗೆ ಒಳಗಿಟ್ಟು, ಝಿಪ್ಪು ಎಳೆದುಕೊಟ್ಟ.

ಅಲ್ಲಿಂದ ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಕಿಟಕಿಯಾಚೆ ಬಿಳಿ, ಬಿಳಿಯಾಚೆ ಇನ್ನೊಂದು ಬಿಳಿ. ನಿದ್ದೆಯೋ ಎಚ್ಚರವೋ ತಿಳಿಯದ ಸ್ಥಿತಿ. ಬಸ್ಸು ತುಂಬಿದರೂ ನನ್ನ ಪಕ್ಕದ ಸೀಟಿಗೆ ಯಾರೂ ಬರಲಿಲ್ಲ, ಇಬ್ಬರು ನಿಂತೇ ಇದ್ದರು. ಯಾ ಅಲ್ಲಾ, ನನ್ನ ಮೈ ಏನಾದರೂ ನಾರುತ್ತಿದೆಯೇ ಎಂದು ಶಾಲನ್ನು ಮೂಸಿ ನೋಡಿಕೊಂಡೆ. ಅಲ್ಲಿನ ಜನ ಹಾಗೇ ಅಂತೆ, ಅಪರಿಚಿತರ ಪಕ್ಕ ಕೂತು ತೊಂದರೆ ಕೊಡುವುದು ಬೇಡ ಎಂಬ ದಾಕ್ಷಿಣ್ಯ. ನಾವೋ ಹರಿಹರದ ಬಸ್ ನಿಲ್ದಾಣದಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವವರು. ನಾನೂ ಎಸೆಯುತ್ತೇನೆ, ಗುರಿ ತಪ್ಪುವುದಿಲ್ಲ. ಬಲಗಡೆ ಬಿಸಿಲು ಬೀಳುತ್ತದೆ, ಹಿಂದೆ ಕೂತರೆ ಕುಲುಕುತ್ತದೆ, ಆದ್ದರಿಂದ ನನಗೆ ಎಡಗಡೆಯ ಮೂರನೇ ಸೀಟೇ ಆಗಬೇಕು.

ಕೆರೆಯ ಮೇಲಿನ ದಾರಿ

ನನ್ನನ್ನು ಮನೆಯಲ್ಲಿಟ್ಟುಕೊಂಡ ಟೀಚರ್ ಹೆಸರು ಮಾರ್ಯಾ. ನನ್ನದೇ ವಯಸ್ಸು, ನನ್ನ ಹಾಗೇ ಮೊಣಕಾಲು ನೋವು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಸಮಸಮವಾಗಿ ಕುಂಟುತ್ತಿದ್ದುದರಿಂದ ಚೆನ್ನಾಗಿ ಹೊಂದಿಕೊಂಡೆವು. ಅವಳ ಮನೆ ಕೆರೆಯ ಈ ದಡದಲ್ಲಿ, ಶಾಲೆ ಆ ದಡದಲ್ಲಿ.

"ಬೇಸಿಗೆಯಲ್ಲಿ ಸುತ್ತಿಕೊಂಡು ಹೋಗುತ್ತೇವೆ. ಈಗ ನೇರ ದಾರಿ" ಎಂದು ಹೆಪ್ಪುಗಟ್ಟಿದ ಕೆರೆಯ ಮೇಲೆ ಕಾಲಿಟ್ಟೇಬಿಟ್ಟಳು.

ನಮ್ಮ ತುಂಗಭದ್ರೆ ಬೇಸಿಗೆಯಲ್ಲಿ ಸೊರಗಿದಾಗ ನಾನು ಮರಳಿನ ಮೇಲೆ ನಡೆದು ಹೊಳೆ ದಾಟಿದ್ದೇನೆ. ನೀರಿದ್ದೂ ನೀರಿನ ಮೇಲೆ ನಡೆದಿರಲಿಲ್ಲ. ಬಿಸ್ಮಿಲ್ಲಾ ಎಂದು ಕಾಲಿಟ್ಟೆ. ಹಿಮ ಕರಕರ ಎಂದಿತು, ಅಷ್ಟೇ. ಬೆಳಗಿನ ಎಂಟೂವರೆ, ಸೂರ್ಯ ಇನ್ನೂ ಬಂದಿಲ್ಲ. ಆಕಾಶ ನೀಲಿ, ನೆಲ ನೀಲಿ, ನಮ್ಮ ಉಸಿರೂ ನೀಲಿ. ದೂರದಲ್ಲಿ ಶಾಲೆಯ ಮಕ್ಕಳು ಒಬ್ಬರ ಹಿಂದೊಬ್ಬರು ಹೋಗುತ್ತಿದ್ದರು. ಕತ್ತಲಲ್ಲಿ ಕಾಣಲೆಂದು ಅವರ ಕೋಟಿಗೆ ತೂಗುಬಿಟ್ಟ ಪುಟ್ಟ ಬಿಲ್ಲೆಗಳು ಆಗೊಮ್ಮೆ ಈಗೊಮ್ಮೆ ಹೊಳೆಯುತ್ತಿದ್ದವು. ಸದ್ದೇ ಇಲ್ಲ. ಎಲ್ಲಿಂದ ಬಂದೆ, ಯಾಕೆ ಬಂದೆ ಎಲ್ಲ ಮರೆತುಹೋಗುವಂಥ ಮೌನ. ಆ ಸಾಲಿನ ಕೊನೆಯಲ್ಲಿ ಒಂದು ಗಿಡ್ಡ ಹುಡುಗಿ ಹಿಂದೆ ಉಳಿದು, ಹಿಮದಲ್ಲಿ ಹೂತ ಬೂಟನ್ನು ಎಳೆದುಕೊಳ್ಳುತ್ತಿದ್ದಳು. ನನಗೆ ತಟ್ಟನೆ ಭಾಗ್ಯಳೇ ಕಂಡಂತಾಯಿತು. ಇಲ್ಲೂ ಬೆನ್ನು ಹತ್ತಿದ್ದಾಳಲ್ಲ ಎನ್ನಿಸಿತು.

ಸೋಮವಾರ, ಮೊದಲ ಪೀರಿಯಡ್

ತರಗತಿಯೊಳಗೆ ಎಲ್ಲರೂ ಬರೀ ಸಾಕ್ಸಿನಲ್ಲಿ. ಬೂಟು, ಕೋಟುಗಳೆಲ್ಲ ಹೊರಗಿನ ಪಡಸಾಲೆಯಲ್ಲಿ. ಟೀಚರನ್ನು ಹೆಸರು ಹಿಡಿದೇ ಕರೆಯುತ್ತಾರೆ. ನನ್ನನ್ನೂ ಐದೇ ನಿಮಿಷದಲ್ಲಿ "ನೂರ್" ಎಂದರು. ನನ್ನನ್ನು ಹಾಗೆ ಕರೆಯುವವರು ಲೋಕದಲ್ಲಿ ಅಣ್ಣನೊಬ್ಬನೇ, ಹಾಗಾಗಿ ಗದರಲೂ ಮನಸ್ಸು ಬರಲಿಲ್ಲ.

ಮಾರ್ಯಾ ಬೋರ್ಡಿನ ಹತ್ತಿರ ಏನೋ ಬರೆಯುತ್ತಿದ್ದಳು. ಮಕ್ಕಳು ಓಡಾಡುತ್ತ, ಒಬ್ಬೊಬ್ಬರೇ ಕುರ್ಚಿ ಹಿಡಿಯುತ್ತಿದ್ದರು. ಒಬ್ಬ ಮೇಜಿನ ಕೆಳಗೇ ದಿಂಬು ಹಾಕಿಕೊಂಡು ಕೂತ. ಒಬ್ಬಳು ಕಪಾಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ನನಗೆ ಕೈ ತುರಿಸುತ್ತಿತ್ತು, ಎಲ್ಲರನ್ನೂ ಎತ್ತರದ ಪ್ರಕಾರ ನಿಲ್ಲಿಸಲು! ಅದನ್ನು ನುಂಗಿಕೊಂಡು, ಕಿಟಕಿಯ ಹತ್ತಿರ ಖಾಲಿಯಿದ್ದ ಒಂದು ಕುರ್ಚಿಯಲ್ಲಿ ಕೂತೆ. ಅದರ ಪಕ್ಕ ಕೋಣೆ ಬಿಸಿ ಮಾಡುವ ಕಬ್ಬಿಣದ ಪಟ್ಟಿ ಇತ್ತು. ಹಾಯೆನಿಸಿತು.

ಕೆರೆಯ ಮೇಲೆ ಕಂಡಿದ್ದ ಆ ಗಿಡ್ಡ ಹುಡುಗಿ ಬಂದು ನನ್ನ ಪಕ್ಕದಲ್ಲಿ ನಿಂತಳು. ಹೆಸರು ಐನೋ. ಕೈಕಟ್ಟಿ, ತಲೆ ತಗ್ಗಿಸಿ ನಿಂತಿದ್ದಳು. ನನಗೆ ಎದೆ ತುಂಬಿ ಬಂತು. ನೋಡಿ, ಹೆಸರು ಹಿಡಿದು ಕರೆಯುವ ಊರಲ್ಲೂ ಗುರುವಿನ ಎದುರು ಕೂರಬಾರದೆಂಬ ಸಂಸ್ಕಾರದ ಹುಡುಗಿ ಒಬ್ಬಳಾದರೂ ಇದ್ದಾಳೆ ಎಂದುಕೊಂಡೆ. ನಮ್ಮಲ್ಲಿ ಬೇರೆ ಶಾಲೆಯ ಟೀಚರ್ ಬಂದರೆ ಮಕ್ಕಳೆಲ್ಲ ಎದ್ದು ನಿಂತು, ಕೂಡ್ರಿ ಎನ್ನುವವರೆಗೂ ಕೂರುವುದಿಲ್ಲ. ಆದ್ದರಿಂದ ನಾನು ದೊಡ್ಡ ಮನಸ್ಸು ಮಾಡಿ, "ಕೂತ್ಕೋ ಮಗಾ, ಕೂತ್ಕೋ" ಎಂದು ಕೈಸನ್ನೆ ಮಾಡಿದೆ. ಅವಳು ಕೂರಲಿಲ್ಲ. ಎಂಥ ವಿನಯ! ಬೆನ್ನು ತಟ್ಟಿದೆ. ಆಗಲೂ ಕೂರಲಿಲ್ಲ. ಪೀರಿಯಡ್ ಮುಗಿಯುವವರೆಗೂ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತೇ ಇದ್ದಳು.

ಊಟದ ಬಿಡುವಿನಲ್ಲಿ ಆ ಹುಡುಗಿಯನ್ನು ಮಾರ್ಯಾ ಎದುರು ಹೊಗಳಿದೆ. ಮಾರ್ಯಾ ಸೂಪಿನ ಚಮಚ ಕೆಳಗಿಟ್ಟಳು.

"ನೂರ್, ನೀನು ಕೂತದ್ದು ಅವಳ ಜಾಗದಲ್ಲಿ" ಎಂದಳು ಮೆಲ್ಲಗೆ.

ಅಲ್ಲಿ ಪ್ರತಿ ಸೋಮವಾರ ಮಕ್ಕಳು ಆ ವಾರಕ್ಕೆ ತಮ್ಮ ಜಾಗ ತಾವೇ ಆರಿಸಿಕೊಳ್ಳುತ್ತಾರಂತೆ. ಆರಿಸಿದವರು ಒಂದು ಚೀಟಿಯಲ್ಲಿ ಕಾರಣ ಬರೆದು ಪಡಸಾಲೆಯಲ್ಲಿರುವ ಡಬ್ಬಿಗೆ ಹಾಕಬೇಕು. ಮಾರ್ಯಾ ಡಬ್ಬಿ ತಂದು ಒಂದೊಂದೇ ಓದಿ ಹೇಳಿದಳು. 'ಇಲ್ಲಿ ನನ್ನ ಕಾಲು ನೆಲಕ್ಕೆ ತಾಗುತ್ತದೆ.' 'ಗಡಿಯಾರ ಕಾಣದಿದ್ದರೆ ನನಗೆ ಭಯವಾಗುವುದಿಲ್ಲ.' 'ಎಲ್ಲರೂ ಬೇಡ ಎಂದದ್ದು ಇದು, ಪಾಪ.' ಐನೋ ಬೂಟು ಬಿಚ್ಚುವ ಮೊದಲೇ ಬರೆದು ಹಾಕಿದ್ದ ಚೀಟಿಯೂ ಅದರಲ್ಲಿತ್ತು: 'ನಾನು ಕೆರೆಯ ಮೇಲೆ ಬರುತ್ತೇನೆ. ಸಾಕ್ಸ್ ಒದ್ದೆಯಾಗಿರುತ್ತದೆ. ಅಲ್ಲಿ ಕೂತರೆ ಒಣಗುತ್ತದೆ.'

ನನ್ನ ಮುಖ ಎಲ್ಲಿಡಲಿ? ಆ ಕೂಸು ಒಂದು ಪೀರಿಯಡ್ ಪೂರ್ತಿ ಒದ್ದೆ ಕಾಲಲ್ಲಿ ನಿಂತಿತ್ತು, ನಾನು ಅದರ ಬಿಸಿಯಲ್ಲಿ ಕಾಲು ಚಾಚಿಕೊಂಡು ಅದಕ್ಕೇ ಸಂಸ್ಕಾರದ ಸರ್ಟಿಫಿಕೇಟು ಕೊಟ್ಟಿದ್ದೆ.

ನಾಚಿಕೆ ಮುಚ್ಚಿಕೊಳ್ಳಲು ವಾದಕ್ಕಿಳಿದೆ. ನಮ್ಮಲ್ಲಿ ಮೂವತ್ತು ಮಕ್ಕಳು, ಉದ್ದನೆಯ ಬೆಂಚು, ಆರಿಸಿಕೊಳ್ಳಿ ಎಂದರೆ ಜುಟ್ಟು ಹಿಡಿದು ಹೊಡೆದಾಡುತ್ತಾರೆ ಎಂದೆ. ಇಲ್ಲೂ ಹೊಡೆದಾಡುತ್ತಾರೆ ಎಂದಳು ಮಾರ್ಯಾ. ಗೆಳತಿಯರು ಒಟ್ಟಿಗೆ ಕೂತು ಹರಟೆ ಹೊಡೆಯುತ್ತಾರೆ, ಯಾರೋ ಒಬ್ಬರು ಒಂಟಿಯಾಗಿ ಉಳಿಯುತ್ತಾರೆ. ಒಂಟಿಯಾದವರ ಪಕ್ಕ ಆ ವಾರ ಅವಳೇ ಹೋಗಿ ಕೂರುತ್ತಾಳೆ, ಮುಂದಿನ ಸೋಮವಾರ ಅವರೇ ಮೊದಲು ಆರಿಸಬೇಕು. ತೀರಾ ಗದ್ದಲವಾದರೆ ಮತ್ತೆ ಕೇಳುತ್ತಾಳೆ, ಇಲ್ಲೇ ಯಾಕೆ ಎಂದು.

"ಕೇಳಿದರೆ ಹೇಳುತ್ತಾರಾ?"

"ತಕ್ಷಣ ಹೇಳುವುದಿಲ್ಲ. ಕಾಯಬೇಕು."

ಮಧ್ಯಾಹ್ನ ಮೂರಕ್ಕೆ ವಾಪಸ್ ಹೊರಟಾಗ ಸೂರ್ಯ ಕೆರೆಯ ಅಂಚಿಗೆ ಬಂದಿದ್ದ, ಹಿಮವೆಲ್ಲ ತಿಳಿ ಗುಲಾಬಿ. ಇಷ್ಟು ಚೆಂದದ ಹೊತ್ತನ್ನು ನಾನು ಮತ್ತೆಲ್ಲೂ ಕಂಡಿಲ್ಲ, ಆದರೆ ಪೂರ್ತಿ ಅನುಭವಿಸಲು ಆಗಲಿಲ್ಲ. ಭಾಗ್ಯಳನ್ನು ನಾನೂ ಕೇಳಿದ್ದೆನಲ್ಲ, 'ಏನೈತೆ ಅಲ್ಲಿ' ಎಂದು. ಕೇಳಿದ್ದೇನೋ ಹೌದು. ಎಲ್ಲರನ್ನೂ ನಗಿಸಲು ಕೇಳಿದ್ದೆ, ಉತ್ತರಕ್ಕೆ ಅರೆಗಳಿಗೆಯೂ ನಿಂತಿರಲಿಲ್ಲ. ಬಸ್ಸಿನಲ್ಲಿ ನನಗೆ ಎಡಗಡೆಯ ಮೂರನೇ ಸೀಟೇ ಆಗಬೇಕು, ಅದಕ್ಕೆ ನನ್ನ ಹತ್ತಿರ ಎರಡು ಕಾರಣ ಇವೆ. ಒಂಬತ್ತು ವರ್ಷದ ಹುಡುಗಿಗೂ ಒಂದು ಕಾರಣ ಇರಬಹುದೆಂದು ಹತ್ತೊಂಬತ್ತು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಕೆರೆಯ ನಡುವೆ ನಿಂತು ಅತ್ತುಬಿಟ್ಟೆ. ಮಾರ್ಯಾ ಮೂಗೊರೆಸಿಕೊಳ್ಳಲು ಕಾಗದ ಕೊಟ್ಟು ಪಕ್ಕದಲ್ಲಿ ನಿಂತಳು.

ಗುರುವಾರ, ಮಂಡಕ್ಕಿ

ಪ್ರಾಯಶ್ಚಿತ್ತಕ್ಕೆಂದು ಖಾರ ಮಂಡಕ್ಕಿ ಮಾಡಲು ಹೊರಟೆ. ಈರುಳ್ಳಿ ಹೆಚ್ಚಿದ್ದಾಯಿತು, ಕಡಲೆಪುಡಿ ಊರಿನಿಂದ ತಂದದ್ದಿತ್ತು. ಮಕ್ಕಳ ಬಾಯಿಗೆ ಹೆದರಿ ಖಾರದಪುಡಿ ಚಿಟಿಕೆಯಷ್ಟೇ. ಚೀಲದ ಬಾಯಿಯನ್ನು ಅಣ್ಣ ಎಷ್ಟು ಬಿಗಿಯಾಗಿ ಹೊಲಿದಿದ್ದನೆಂದರೆ, ಎಳೆದೆ, ಮತ್ತೂ ಎಳೆದೆ, ಚೀಲ ಬಾಯಿ ಬಿಡುವುದರ ಬದಲು ಹೊಟ್ಟೆ ಬಿಟ್ಟಿತು.

ಮಂಡಕ್ಕಿ ಚೆಲ್ಲಿದರೆ ಬೀಳುವುದಿಲ್ಲ, ಇಳಿಯುತ್ತದೆ. ಇಡೀ ತರಗತಿಯ ಮೇಲೆ ಮೆಲ್ಲಗೆ ಇಳಿಯಿತು. ಹೊರಗೆ ಹಿಮ, ಒಳಗೆ ಮಂಡಕ್ಕಿ. ಮೂರು ದಿನದಿಂದ ಪಿಸುಮಾತಲ್ಲೇ ಇದ್ದ ಮಕ್ಕಳು ಕೇಕೆ ಹಾಕಿ ನಕ್ಕರು. ಮೇಜಿನ ಕೆಳಗಿನವನು ಈಚೆ ಬಂದ, ಕಪಾಟಿನ ಹುಡುಗಿ ಓಡಿ ಬಂದಳು. ಚೀಲದಲ್ಲಿ ಉಳಿದಷ್ಟನ್ನು ಕಲಸಿ ನಡುವೆ ಇಟ್ಟೆ. ಎಲ್ಲರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಸುತ್ತ ಕೂತರು. ಐನೋ ಮೂರು ಸಲ ಹಾಕಿಸಿಕೊಂಡಳು, ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ.

ಹೊರಡುವ ದಿನ ಮತ್ತೆ ಸೋಮವಾರ. ತರಗತಿಗೆ ಹೋದಾಗ ಬಿಸಿಪಟ್ಟಿಯ ಪಕ್ಕ ಒಂದರ ಬದಲು ಎರಡು ಕುರ್ಚಿ ಇದ್ದವು. ಐನೋ ಒಂದರಲ್ಲಿ ಕೂತು, ಇನ್ನೊಂದನ್ನು ತಟ್ಟಿ ತೋರಿಸಿದಳು. ಅವಳ ಚೀಟಿಯನ್ನು ಮಾರ್ಯಾ ನನಗೆ ಕೊಟ್ಟುಬಿಟ್ಟಳು. 'ಇಬ್ಬರಿಗೆ ಸಾಕಾಗುವಷ್ಟು ಬಿಸಿ ಇದೆ' ಎಂದಿತ್ತು ಅದರಲ್ಲಿ.

ಹರಿಹರ, ಮತ್ತೊಂದು ಸೋಮವಾರ

ಬಂದ ಮೇಲೂ ನಾಲ್ಕು ದಿನ ನಾನು ಪೂರ್ತಿ ಇಳಿದಿರಲಿಲ್ಲ. ಹಗಲು ಹೊತ್ತು ಕಣ್ಣು ಎಳೆಯುವುದು, ಕಣ್ಣು ಮುಚ್ಚಿದರೆ ನೀಲಿ ಕೆರೆ. ಹರಿಹರದಿಂದ ಶಾಲೆಗೆ ಹೋಗುವ ಆಟೋದಲ್ಲಿ ನಾಟಿಯಾದ ಗದ್ದೆಗಳ ನೀರು ಫಳಫಳ ಹೊಳೆಯುತ್ತಿದ್ದರೆ, ಇಳಿದು ಅದರ ಮೇಲೆ ನಡೆದುಬಿಡಬಹುದು ಎನ್ನಿಸುತ್ತಿತ್ತು. ಶನಿವಾರ ಅದೇ ಮಂಪರಿನಲ್ಲಿ ಗಂಗಮ್ಮನ ಮನೆಗೆ ಹೋದೆ. ಈ ಸಲ ರೇಗಲಿಲ್ಲ.

"ಭಾಗಿ, ಆ ಕಿಟಕಿ ಹತ್ರಾನ ಯಾಕ ಕೂಡ್ತಿದ್ದಿ?" ಎಂದು ಕೇಳಿ, ಕಟ್ಟೆಯ ಮೇಲೆ ಕೂತು ಕಾದೆ. ಗಂಗಮ್ಮ ಚಹಾ ಕೊಟ್ಟಳು, ಅದೂ ಮುಗಿಯಿತು. ಭಾಗ್ಯ ಹೇಳಲಿಲ್ಲ. ತಂಗಿ ಲಚ್ಚಿಯ ಮೂಗು ಒರೆಸುತ್ತ ಕೂತಿದ್ದಳು.

"ಸೋಮವಾರ ಒಂದಿನ ಕಳಿಸ್ರಿ ಗಂಗಮ್ಮ. ಸಣ್ಣಾಕಿನೂ ಬರ್ಲಿ, ಅಂಗನವಾಡ್ಯಾಗ ನಾ ಹೇಳ್ತೀನಿ. ಆಕಿಗೆ ಎಲ್ಲಿ ಬೇಕೋ ಅಲ್ಲಿ ಕೂಡ್ಲಿ."

"ಒಂದಿನ ನೋಡ್ತೀನ್ರಿ. ಸಣ್ಣದು ಅತ್ರ ಮಾತ್ರ ಭಾಗಿನ್ ಮತ್ತ ಕಳ್ಸಾಂಗಿಲ್ಲ ನೋಡ್ರಿ. ನನ್ ಕೈಲೂ ಆಗಲ್ಲ" ಎಂದಳು ಗಂಗಮ್ಮ.

ಸೋಮವಾರ ಬೆಳಿಗ್ಗೆ ಗೋಡೆಯ ಮೇಲಿನ ನಕ್ಷೆ ಕಿತ್ತೆ. ನಿಮಗೆ ಬೇಕಾದ ಕಡೆ ಕೂಡ್ರಿ ಎಂದೆ. ಮಕ್ಕಳು ಮೊದಲು ನಂಬಲಿಲ್ಲ, ನಂಬಿದ ಮೇಲೆ ನಿಲ್ಲಲಿಲ್ಲ. ಥೇಟು ಹರಿಹರದ ಬಸ್ ನಿಲ್ದಾಣ! ಬ್ಯಾಗು ಎಸೆದರು, ಸ್ಲೇಟು ಎಸೆದರು, ಒಬ್ಬಳು ತನ್ನ ರಿಬ್ಬನ್ನನ್ನೇ ಬಿಚ್ಚಿ ಎಸೆದು ಬೆಂಚು ಹಿಡಿದಳು. ಹೆಡ್‌ಮಾಸ್ತರು ಬಾಗಿಲಲ್ಲಿ ಇಣುಕಿ, "ಏನ್ರೀ ಮೇಡಂ, ಸಂತಿ ಕೂಡ್ಸೀರೇನು?" ಎಂದರು. ಹತ್ತು ನಿಮಿಷ ಕೊಡ್ರಿ ಸರ್ ಎಂದೆ.

ಹತ್ತು ನಿಮಿಷದಲ್ಲಿ ಎಲ್ಲ ಅಡಗಿತು. ಎರಡು ಜಾಗ ಮಾತ್ರ ಖಾಲಿ ಉಳಿದವು. ಒಂದು, ಮೊದಲ ಬೆಂಚಿನ ಗೋಡೆಯ ಪಕ್ಕ. ಇನ್ನೊಂದು, ಹಿಂದಿನ ಬೆಂಚಿನ ಕಿಟಕಿಯ ಪಕ್ಕ. ಅಲ್ಲಿ ಯಾರೂ ಬ್ಯಾಗು ಸಹ ಎಸೆದಿರಲಿಲ್ಲ. ಭಾಗ್ಯ ಇನ್ನೂ ಬಂದಿರಲಿಲ್ಲ. ಬರುವುದೇ ಇಲ್ಲವೇನೋ ಎಂದು ಬಾಗಿಲವರೆಗೆ ಎರಡು ಸಲ ಹೋಗಿ ಬಂದೆ. ನಾನು ಹೋಗಿ ಆ ಕಿಟಕಿಯ ಪಕ್ಕ ಕೂತೆ. ಏನಿದೆ ಇಲ್ಲಿ, ನೋಡೇಬಿಡೋಣ ಎಂದು.

ಏನೂ ಇರಲಿಲ್ಲ. ಒಂದು ನಲ್ಲಿ, ಒಣಗಲು ಹಾಕಿದ ಎರಡು ಚಾಪೆ, ಅಂಗಳದಾಚೆ ಅಂಗನವಾಡಿಯ ತೆರೆದ ಬಾಗಿಲು. ಬಿಸಿಲು ಆಗಲೇ ಏರಿತ್ತು. ಕಣ್ಣು ಮತ್ತೆ ಎಳೆಯತೊಡಗಿತು.

ಆ ಬಾಗಿಲಿನಿಂದ ಒಂದು ಮಗು ಕಿಟಾರನೆ ಅಳಲು ಶುರುಮಾಡಿತು. ಅದರ ಹಿಂದೆಯೇ ಯಾರೋ ಬರಿಗಾಲಲ್ಲಿ ಓಡಿ ಬಂದ ಸದ್ದು. ತಿರುಗಿ ನೋಡಿದರೆ ಭಾಗ್ಯ ನನ್ನ ಪಕ್ಕದಲ್ಲಿ ನಿಂತಿದ್ದಾಳೆ, ಐನೋ ನಿಂತಿದ್ದ ಹಾಗೇ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ. ಆದರೆ ಇವಳು ಹರಿಹರ ತಾಲ್ಲೂಕಿನ ಹುಡುಗಿ. ಸುಮ್ಮನೆ ನಿಲ್ಲಲಿಲ್ಲ.

"ಟೀಚರ್, ಏಳ್ರಿ. ಅದು ನನ್ ಜಾಗ."

ದಸರಾ ಕಳೆದ ಮೇಲೆ ಆ ಕೋಣೆಯಲ್ಲಿ ಅವಳಾಡಿದ ಮೊದಲ ಮಾತು.

"ಲಗೂನ ಏಳ್ರಿ! ನಾ ಕಾಣ್ಲಿಲ್ಲಾಂದ್ರ ಲಚ್ಚಿ ಅಳು ನಿಲ್ಲಿಸಲ್ರಿ."

ಎದ್ದೆ. ಭಾಗ್ಯ ನುಸುಳಿ ಕೂತು, ಸರಳುಗಳ ನಡುವೆ ಕೈ ತೂರಿಸಿ ಮೇಲೆತ್ತಿದಳು. ಅಂಗಳದಾಚೆ ಬಾಗಿಲಲ್ಲಿ ನಿಂತಿದ್ದ ಪುಟ್ಟ ಹುಡುಗಿ ಅಳುತ್ತಲೇ ಈ ಕಡೆ ನೋಡಿತು. ಅಳು ಬಿಕ್ಕಾಯಿತು. ಅದೂ ಒಂದು ಕೈ ಎತ್ತಿತು. ಆಮೇಲೆ ತಿರುಗಿ ಒಳಗೆ ಹೋಗಿ ಉಳಿದ ಮಕ್ಕಳ ನಡುವೆ ಕೂತುಕೊಂಡಿತು.

ಭಾಗ್ಯ ಬ್ಯಾಗಿನಿಂದ ಪುಸ್ತಕ ತೆಗೆದಳು. ಉಳಿದವರೂ ತೆಗೆದರು. ಅವರಲ್ಲಿ ಯಾರಿಗೂ ಇದು ಹೊಸದಾಗಿ ಕಾಣಲಿಲ್ಲ, ಒಂದು ಮಗುವೂ ತಲೆಯೆತ್ತಿ ನೋಡಲಿಲ್ಲ. ತಿಳಿಯದೆ ಇದ್ದವಳು ನಾನೊಬ್ಬಳೇ.

ನನಗೆ ಉಳಿದದ್ದು ಮೊದಲ ಬೆಂಚಿನ ಗೋಡೆಯ ಪಕ್ಕದ ಜಾಗ. ಹೋಗಿ ಕೂತೆ. ಅಲ್ಲಿಂದ ಕಿಟಕಿ ಕಾಣುವುದಿಲ್ಲ, ಅಂಗಳ ಕಾಣುವುದಿಲ್ಲ, ಕಾಣುವುದು ಸುಣ್ಣ ಕಿತ್ತ ಗೋಡೆ ಮತ್ತು ಬೋರ್ಡಿನ ಹತ್ತಿರ ಟೀಚರ್ ನಿಲ್ಲುವ ಜಾಗ ಮಾತ್ರ.